ಓಲೆಗರಿ, ಟೀಕು, ಟಿಪ್ಪಣಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಮನೆಯ ಅಟ್ಟದಲ್ಲಿ, ಮಠದಲ್ಲಿ, ಊರಿನ ಗ್ರಂಥಾಲಯದಲ್ಲಿ ಉಳಿದಿರುವ ಕೈಬರಹದ ವ್ಯಾಖ್ಯಾನಗಳ ಬಗ್ಗೆ ಈ ಸಲ ಉತ್ತರ ಕನ್ನಡದಿಂದ ಹಲವು ಪ್ರಶ್ನೆಗಳು ಬಂದಿವೆ. ಒಂದೇ ಬಗೆಯವನ್ನು ಸೇರಿಸಿ ಉತ್ತರಿಸಿದ್ದೇವೆ.

ಸಿದ್ದಾಪುರದಿಂದ: ನಮ್ಮೂರ ಗ್ರಂಥಾಲಯದ ಯಾದಿಯಲ್ಲಿ ‘ಅಮರಕೋಶ, ತಾಳೆಗರಿ, ಅಪೂರ್ಣ’ ಎಂದಷ್ಟೇ ಇದೆ. ಕಟ್ಟು ಬಿಚ್ಚಿದರೆ ಶ್ಲೋಕಗಳು ಪೂರ್ತಿ ಇಲ್ಲ, ನಡುನಡುವೆ ಕನ್ನಡ ಮಾತುಗಳಿವೆ. ಇದು ಮೂಲವೋ ವ್ಯಾಖ್ಯಾನವೋ?

ಶ್ಲೋಕ ಪೂರ್ತಿ ಇಲ್ಲ ಎಂದಿರಲ್ಲ, ಅದೇ ದೊಡ್ಡ ಸುಳಿವು. ವ್ಯಾಖ್ಯಾನ ಬರೆಯುವವರು ಓದುವವನಿಗೆ ಮೂಲ ಬಾಯಿಪಾಠ ಇದೆ ಎಂದೇ ಇಟ್ಟುಕೊಳ್ಳುತ್ತಿದ್ದರು. ಶ್ಲೋಕದ ಮೊದಲ ಪದ ಬರೆದು ‘ಇತಿ’ ಸೇರಿಸಿ ಅರ್ಥಕ್ಕೆ ಇಳಿಯುತ್ತಿದ್ದರು. ಇದಕ್ಕೆ ಪ್ರತೀಕ ಎಂದು ಹೆಸರು. ಸಂಸ್ಕೃತದ ಪದಕೋಶವಾದ ಅಮರಕೋಶ ಶುರುವಾಗುವುದು ‘ಯಸ್ಯ ಜ್ಞಾನದಯಾಸಿಂಧೋಃ’ ಎಂದು. ವ್ಯಾಖ್ಯಾನದ ಗರಿಯಲ್ಲಿ ನಿಮಗೆ ಕಾಣುವುದು ಬರೀ ‘ಯಸ್ಯೇತಿ’. ಸಂಧಿಯಾಗಿ ಅಂಟಿಕೊಂಡಿರುವುದರಿಂದ ಹೊಸಬರು ‘ಯಸ್ಯೇತಿ’ ಎಂಬ ಪದವನ್ನು ಮೂಲದಲ್ಲಿ ಹುಡುಕಿ, ಸಿಗದೆ, ‘ಬೇರೆ ಯಾವುದೋ ಗ್ರಂಥ’ ಎಂದು ಬರೆದುಬಿಡುತ್ತಾರೆ. ‘ಇತಿ’ಯನ್ನು ಬಿಡಿಸಿಕೊಂಡು ಹುಡುಕಿ.

ಇನ್ನು ಒಳಗಿನ ಮಾತು ನೋಡಿ. ವ್ಯಾಖ್ಯಾನಕ್ಕೆ ಐದು ಕೆಲಸ: ಪದಚ್ಛೇದ (ಸಂಧಿ ಬಿಡಿಸುವುದು), ಪದಾರ್ಥ, ವಿಗ್ರಹ (ಸಮಾಸ ಬಿಡಿಸುವುದು), ವಾಕ್ಯಯೋಜನೆ (ಪದಗಳ ಅನ್ವಯ), ಆಕ್ಷೇಪಕ್ಕೆ ಸಮಾಧಾನ. ಹಾಗಾಗಿ ‘ಇತ್ಯರ್ಥಃ’ (ಎಂದು ಅರ್ಥ), ‘ಇತಿ ಭಾವಃ’ (ಎಂದು ಭಾವ), ‘ಯದ್ವಾ’ (ಅಥವಾ), ‘ತದುಕ್ತಂ’ (ಅದನ್ನು ಹೀಗೆ ಹೇಳಿದೆ), ‘ನನು’ ಇವು ಪುಟಪುಟಕ್ಕೂ ಬಂದರೆ ಅನುಮಾನವೇ ಬೇಡ. ‘ನನು’ ಎಂದು ಆಕ್ಷೇಪ ಎತ್ತಿ ‘ಇತಿ ಚೇನ್ನ’ (ಹೀಗೆಂದರೆ, ಅಲ್ಲ) ಎಂದು ಮುಗಿಸಿದ್ದರೆ ಅದು ಶಾಸ್ತ್ರದ ವ್ಯಾಖ್ಯಾನ. ಶಬ್ದದ ಎದುರಿಗೆ ಕನ್ನಡ ಅರ್ಥ, ‘ಇಷ್ಟು ಹೆಸರು ಸ್ವರ್ಗಕ್ಕೆ’ ಎಂಬ ಧಾಟಿಯ ಮಾತು ಇದ್ದರೆ ಕನ್ನಡ ಟೀಕು, ಅಂದರೆ ಕನ್ನಡದಲ್ಲಿ ಬರೆದ ವ್ಯಾಖ್ಯಾನ. ನಿಮ್ಮದು ಈ ಎರಡನೆಯ ಬಗೆಯದು ಅನ್ನಿಸುತ್ತದೆ.

ಬರೆದವರು ಯಾರು ಎಂಬುದಕ್ಕೆ ಎಲ್ಲರೂ ಕೊನೆಯ ಗರಿ ತೆಗೆಯುತ್ತಾರೆ. ಕಟ್ಟಿನಲ್ಲಿ ಮೊದಲು ಮುರಿಯುವುದೇ ಹೊರಗಿನ ಗರಿಗಳು, ಆದ್ದರಿಂದ ಅಲ್ಲಿ ಹೆಚ್ಚಾಗಿ ಏನೂ ಉಳಿದಿರುವುದಿಲ್ಲ. ಒಳಗೆ ಪ್ರತಿ ವರ್ಗ, ಪ್ರತಿ ಕಾಂಡ ಮುಗಿಯುವಲ್ಲಿ ಪುಷ್ಪಿಕೆ, ಅಂದರೆ ಮುಕ್ತಾಯದ ಸಾಲು, ಇರುತ್ತದೆ. ‘…ವಿರಚಿತಾಯಾಂ …ಟೀಕಾಯಾಂ’ ಎಂಬ ಸಾಲು ಅಲ್ಲಿ ಸಿಕ್ಕರೆ ಟೀಕಾಕಾರನ ಹೆಸರೂ ಸಿಕ್ಕಿತು. ಅಮರಕೋಶಕ್ಕೆ ನಾಚಿರಾಜನ ಕನ್ನಡ ವ್ಯಾಖ್ಯಾನ ‘ನಾಚಿರಾಜೀಯ’ ಪ್ರಸಿದ್ಧ. ಅಷ್ಟು ಮಾತ್ರಕ್ಕೆ ಕನ್ನಡ ಕಂಡ ಕೂಡಲೇ ಅದನ್ನೇ ಬರೆಯಬೇಡಿ. ಪುಷ್ಪಿಕೆ ಸಿಗದಿದ್ದರೆ ‘ಕನ್ನಡ ಟೀಕು, ಕರ್ತೃ ತಿಳಿದಿಲ್ಲ’ ಎನ್ನುವುದೇ ಸರಿ.

‘ಅಪೂರ್ಣ’ ಎಂಬುದನ್ನೂ ಪರೀಕ್ಷಿಸಿ. ಅಮರಕೋಶಕ್ಕೆ ಮೂರು ಕಾಂಡ. ಪಾಠಕ್ಕೆ ಬೇಕಾದ ಒಂದೇ ಕಾಂಡ ಪ್ರತಿ ಮಾಡಿಕೊಂಡ ಕಟ್ಟು ಅಪೂರ್ಣವಲ್ಲ, ‘ಪ್ರಥಮಕಾಂಡ ಮಾತ್ರ’.

ಯಾದಿಗೆ ಅಳತೆಯನ್ನೂ ಸೇರಿಸಿ: ಗರಿಗಳ ಸಂಖ್ಯೆ, ಉದ್ದಗಲ ಸೆಂಟಿಮೀಟರಿನಲ್ಲಿ, ಬದಿಗೆ ಎಷ್ಟು ಸಾಲು, ಸಾಲಿಗೆ ಎಷ್ಟು ಅಕ್ಷರ. ಇದರಿಂದ ಗ್ರಂಥಪ್ರಮಾಣ ಲೆಕ್ಕ ಸಿಗುತ್ತದೆ. ಇಲ್ಲಿ ಗ್ರಂಥ ಎಂದರೆ ಅಳತೆಯ ಘಟಕ, 32 ಅಕ್ಷರಕ್ಕೆ ಒಂದು ಗ್ರಂಥ. 84 ಗರಿ, ಎರಡು ಬದಿ, ಬದಿಗೆ 7 ಸಾಲು, ಸಾಲಿಗೆ 48 ಅಕ್ಷರ ಎಂದಾದರೆ ಒಟ್ಟು 56,448 ಅಕ್ಷರ. 32ರಿಂದ ಭಾಗಿಸಿದರೆ 1,764 ಗ್ರಂಥ. ಐದಾರು ಗರಿಗಳ ಸಾಲುಗಳನ್ನು ಎಣಿಸಿ ಸರಾಸರಿ ತೆಗೆಯಿರಿ. ದಾರದ ತೂತಿನ ಸುತ್ತ ಬಿಟ್ಟ ಖಾಲಿ ಜಾಗವಿರುವ ಸಾಲುಗಳಲ್ಲಿ ಅಕ್ಷರ ಕಡಿಮೆ ಇರುತ್ತದೆ.

ಮೂಲದ ಹೆಸರಿನಡಿ ವ್ಯಾಖ್ಯಾನವನ್ನು ಮುಚ್ಚಿಟ್ಟರೆ ಏನು ನಷ್ಟ ಎಂದು ಕೇಳುವವರಿದ್ದಾರೆ. ಮೈಸೂರಿನ ಓರಿಯಂಟಲ್ ಲೈಬ್ರರಿಗೆ ಬಂದ ಕೌಟಿಲ್ಯನ ಅರ್ಥಶಾಸ್ತ್ರದ ಹಸ್ತಪ್ರತಿಯ ಜೊತೆ ಭಟ್ಟಸ್ವಾಮಿಯ ವ್ಯಾಖ್ಯಾನದ ಒಂದು ತುಣುಕೂ ಇತ್ತು. ಆ ಲೈಬ್ರರಿಯ ಶಾಮಶಾಸ್ತ್ರಿಗಳು 1909ರಲ್ಲಿ ಮೂಲವನ್ನು ಅಚ್ಚು ಹಾಕಿಸಿದರು. ಕಷ್ಟದ ಪಾರಿಭಾಷಿಕ ಪದಗಳಿಗೆ ಅಂಥ ತುಣುಕೂ ಆಧಾರವೇ.

ಭಟ್ಕಳದಿಂದ: ಸೂತ್ರ, ವೃತ್ತಿ, ವ್ಯಾಖ್ಯಾನ ಮೂರನ್ನೂ ಒಬ್ಬರೇ ಬರೆಯುವುದುಂಟೇ?

ಉಂಟು, ಅದೂ ನಿಮ್ಮ ತಾಲ್ಲೂಕಿನ ನಂಟಿರುವ ಗ್ರಂಥದಲ್ಲೇ. ಹಾಡುವಳ್ಳಿಯ ಜೈನ ಮಠದ ಪರಂಪರೆಗೆ ಸೇರಿದ ಭಟ್ಟಾಕಲಂಕದೇವ 1604ರಲ್ಲಿ ‘ಕರ್ಣಾಟಕ ಶಬ್ದಾನುಶಾಸನ’ ಮುಗಿಸಿದ. ಕನ್ನಡದ ವ್ಯಾಕರಣ, ಭಾಷೆ ಸಂಸ್ಕೃತ, 592 ಸೂತ್ರ. ಅದಕ್ಕೆ ‘ಭಾಷಾಮಂಜರಿ’ ಎಂಬ ವೃತ್ತಿ (ಸೂತ್ರಗಳ ಚಿಕ್ಕ ವಿವರಣೆ), ವೃತ್ತಿಗೆ ‘ಮಂಜರೀಮಕರಂದ’ ಎಂಬ ವ್ಯಾಖ್ಯಾನ, ಎಲ್ಲವೂ ಅವನವೇ. ಬಿ. ಎಲ್. ರೈಸ್ 1890ರಲ್ಲಿ ಅಚ್ಚು ಮಾಡಿಸಿದರು.

ಪದರಗಳು ಬೇರೆಬೇರೆಯವರದಾದಾಗಲೇ ಗೊಂದಲ. ಬ್ರಹ್ಮಸೂತ್ರಕ್ಕೆ ಮಧ್ವಾಚಾರ್ಯರ ಅನುವ್ಯಾಖ್ಯಾನ, ಅದಕ್ಕೆ ಜಯತೀರ್ಥರ ನ್ಯಾಯಸುಧಾ, ಅದರ ಮೇಲೆ ಸೋದೆಯ ವಾದಿರಾಜರ ಗುರ್ವರ್ಥದೀಪಿಕಾ. ನಾಲ್ಕನೆಯ ಪದರದ ಪ್ರತೀಕಗಳು ನ್ಯಾಯಸುಧೆಯ ಮಾತುಗಳು, ಸೂತ್ರದ್ದಲ್ಲ. ಸೂತ್ರಪಾಠ ಹಿಡಿದು ತಾಳೆ ನೋಡಿದರೆ ಒಂದೂ ಕೂಡುವುದಿಲ್ಲ. ಪ್ರತೀಕ ಯಾವ ಪದರದ್ದು ಎಂದು ಗೊತ್ತಾದರೆ ಅರ್ಧ ಕೆಲಸ ಮುಗಿಯಿತು.

ಶಿರಸಿ ಸೀಮೆಯಿಂದ: ಅಟ್ಟದ ಮೇಲೆ ಮೂರು ಕಟ್ಟು ಸಿಕ್ಕಿವೆ. ಅಕ್ಷರ ಕನ್ನಡದಂತೆಯೂ ಇಲ್ಲ, ಮಲೆಯಾಳದಂತೆ ಕಾಣುತ್ತದೆ. ಕೆಲವು ಗರಿಗಳಲ್ಲಿ ಬರಹವೇ ಇಲ್ಲ.

ಹವ್ಯಕರ ಮನೆಗಳಲ್ಲಿ ಸಿಗುವ ಇಂಥ ಸಂಸ್ಕೃತ ಕಟ್ಟುಗಳು ಬಹುತೇಕ ತಿಗಳಾರಿ ಲಿಪಿಯವು. ಎತ್ವ, ಐತ್ವದ ಗುರುತು ಅಕ್ಷರದ ಎಡಗಡೆಗೆ ಬಂದಿದೆಯೇ ನೋಡಿ, ಬಂದಿದ್ದರೆ ಕನ್ನಡವಲ್ಲ. ಅಕ್ಷರಗಳು ದೇವನಾಗರಿಯಂತಿದ್ದು ತಲೆಗೆರೆ ಒಂದಕ್ಕೊಂದು ಕೂಡದಿದ್ದರೆ ನಂದಿನಾಗರಿ, ಅದು ಮಾಧ್ವ ಮಠಗಳ ಕಡೆ ಹೆಚ್ಚು. ನಂದಿನಾಗರಿಗೆ 2019ರಲ್ಲಿ, ತುಳು-ತಿಗಳಾರಿಗೆ 2024ರಲ್ಲಿ ಕಂಪ್ಯೂಟರ್ ಅಕ್ಷರಗಳ ಪಟ್ಟಿಯಾದ ಯೂನಿಕೋಡ್‌ನಲ್ಲಿ ಜಾಗ ಸಿಕ್ಕಿದೆ.

ಬರಹವಿಲ್ಲದ ಗರಿಗಳನ್ನು ದಯವಿಟ್ಟು ಎಸೆಯಬೇಡಿ. ಕಂಟದಿಂದ (ಲೋಹದ ಮೊನೆಯ ಲೇಖನಿ) ಕೊರೆದ ಮೇಲೆ ಮಸಿ ಉಜ್ಜಿದರೆ ಮಾತ್ರ ಅಕ್ಷರ ಕಪ್ಪಾಗಿ ಕಾಣುವುದು. ಮಸಿ ಹೋಗಿರಬಹುದು, ಅಥವಾ ಹಾಕಿಯೇ ಇರಲಿಕ್ಕಿಲ್ಲ. ಕೋಣೆ ಕತ್ತಲು ಮಾಡಿ, ಮೊಬೈಲ್ ಟಾರ್ಚನ್ನು ಗರಿಯ ಮಟ್ಟಕ್ಕೆ ಇಳಿಸಿ ಪಕ್ಕದಿಂದ ಬೆಳಕು ಬಿಡಿ. ಕೊರೆದ ಗೆರೆಗಳಲ್ಲಿ ನೆರಳು ಬಿದ್ದು ಅಕ್ಷರ ಎದ್ದು ಬರುತ್ತದೆ. ಮೇಲಿನಿಂದ ಫ್ಲ್ಯಾಶ್ ಹಾಕಿದರೆ ಏನೂ ಕಾಣದು.

ಒರೆಸುವ ಮೊದಲೇ ಫೋಟೊ ತೆಗೆಯಿರಿ. ಸಿಕ್ಕ ಕ್ರಮದಲ್ಲೇ, ಎರಡೂ ಬದಿ, ಪಕ್ಕದಲ್ಲಿ ಒಂದು ಅಳತೆಪಟ್ಟಿ ಇಟ್ಟು. ಗರಿಯ ಸಂಖ್ಯೆ ಎಡ ಅಂಚಿನಲ್ಲಿರುತ್ತದೆ, ಆದರೆ ಮೂರು ಕಟ್ಟುಗಳು ಬೆರೆತಿದ್ದರೆ ಮೂರರಲ್ಲೂ 17ನೆಯ ಗರಿ ಇರುತ್ತದೆ. ಉದ್ದ, ತೂತಿನ ಜಾಗ, ಕೈಬರಹ ಈ ಮೂರನ್ನು ಕೂಡಿಸಿ ಬೇರೆ ಮಾಡಿ. ದಾರ ಗರಿಗೆ ಹಿಡಿದುಕೊಂಡಿದ್ದರೆ ಎಳೆಯದೆ ಕತ್ತರಿಸಿ. ಎಳೆದರೆ ತೂತು ಸೀಳಿ ಅಂಚಿನವರೆಗೂ ಬಿರುಕು ಬಿಡುತ್ತದೆ. ಅಂಟಿಕೊಂಡ ಗರಿಗಳ ನಡುವೆ ಚಾಕು ಹಾಕಲೇಬಾರದು. ಅದು ಸಂರಕ್ಷಣೆಯಲ್ಲಿ ತರಬೇತಾದವರ ಕೆಲಸ.

ಕುಮಟಾದಿಂದ: ಅಜ್ಜನ ಕಾಲದಲ್ಲಿ ಚೆನ್ನಾಗಿದ್ದ ಕಟ್ಟುಗಳಿಗೆ ಈಗ ಪ್ರತಿ ಮಳೆಗಾಲ ಬೂಷ್ಟು ಬರುತ್ತಿದೆ. ತೆಂಗಿನೆಣ್ಣೆ ಸವರಿ, ನುಸಿಗುಳಿಗೆ ಹಾಕಿ, ಸ್ಟೀಲ್ ಕಪಾಟಿನಲ್ಲಿ ಇಟ್ಟಿದ್ದೇವೆ. ತಪ್ಪೇನು?

ಅಜ್ಜನ ಕಾಲದಲ್ಲಿ ಅಟ್ಟದ ಕೆಳಗೆ ಸೌದೆ ಒಲೆ ಉರಿಯುತ್ತಿತ್ತು. ಹೊಗೆಯೂ ಬಿಸಿಯೂ ಸೇರಿ ಗರಿಯನ್ನು ಒಣಗಿಸಿಡುತ್ತಿದ್ದವು, ಹುಳು ಹತ್ತಿರ ಬರುತ್ತಿರಲಿಲ್ಲ. ಗ್ಯಾಸ್ ಬಂತು, ಆ ಕಾವಲು ಹೋಯಿತು. (ಹೊಗೆಯಿಂದ ಗರಿ ಕಪ್ಪಾಗುತ್ತಿತ್ತು ಎಂಬುದೂ ನಿಜ, ಮತ್ತೆ ಒಲೆ ಹೂಡಿ ಎನ್ನುತ್ತಿಲ್ಲ.) ಗಾಳಿಯ ತೇವ ಶೇಕಡಾ 65-70 ದಾಟಿತೆಂದರೆ ಬೂಷ್ಟು ಬರುತ್ತದೆ. ಕರಾವಳಿಯ ಮಳೆಗಾಲದಲ್ಲಿ ಅದು ತಿಂಗಳುಗಟ್ಟಲೆ ದಾಟಿಯೇ ಇರುತ್ತದೆ.

ತೆಂಗಿನೆಣ್ಣೆ ಮೊದಲ ತಪ್ಪು. ಅದು ಕನಟುತ್ತದೆ, ಧೂಳು ಹಿಡಿಯುತ್ತದೆ, ಹುಳುವಿಗೆ ಊಟವಾಗುತ್ತದೆ, ಗರಿಗಳನ್ನು ಒಂದಕ್ಕೊಂದು ಅಂಟಿಸುತ್ತದೆ. ಲಿಪಿಕಾರರು ಪ್ರತಿಯ ಕೊನೆಗೆ ಬರೆಯುತ್ತಿದ್ದ ‘ತೈಲಾದ್ರಕ್ಷ ಜಲಾದ್ರಕ್ಷ ರಕ್ಷ ಮಾಂ ಶ್ಲಥಬಂಧನಾತ್’ (ಎಣ್ಣೆಯಿಂದ, ನೀರಿನಿಂದ, ಸಡಿಲ ಕಟ್ಟಿನಿಂದ ನನ್ನನ್ನು ಕಾಪಾಡು) ಎಂಬ ಮಾತಿನಲ್ಲಿ ಎಣ್ಣೆಯೇ ಮೊದಲ ಶತ್ರು. ಗರಿ ಒಣಗಿ ಬಾಗದಂತಾಗಿದ್ದರೆ ಮಾತ್ರ ಸಿಟ್ರೊನೆಲ್ಲಾ ಅಥವಾ ಮಜ್ಜಿಗೆಹುಲ್ಲಿನ ಎಣ್ಣೆ, ಹತ್ತಿಯಲ್ಲಿ ಎರಡು-ಮೂರು ಹನಿ, ಉದ್ದಕ್ಕೆ ಒಂದೇ ದಿಕ್ಕಿನಲ್ಲಿ ಸವರಿ, ಉಳಿದದ್ದನ್ನು ಒಣ ಹತ್ತಿಯಿಂದ ತೆಗೆದು, ನೆರಳಲ್ಲಿ ಆರಿಸಿ. ಇದು ಕೊರೆದ ಗರಿಗಷ್ಟೇ. ಶಾಯಿಯಲ್ಲಿ ಬರೆದದ್ದಕ್ಕೂ ಕಾಗದಕ್ಕೂ ಎಣ್ಣೆ ಬೇಡವೇ ಬೇಡ.

ನುಸಿಗುಳಿಗೆ ಬೂಷ್ಟು ತಡೆಯುವುದಿಲ್ಲ, ಅದರ ವಾಸನೆ ಬಿಚ್ಚಿ ಓದುವವರ ಆರೋಗ್ಯಕ್ಕೆ ಕೆಟ್ಟದ್ದು. ಬದಲಿಗೆ ಬಜೆ, ಲವಂಗ, ಕಾಳುಮೆಣಸು, ದಾಲ್ಚಿನ್ನಿ ಸಮ ಸಮ ತರಿಯಾಗಿ ಕುಟ್ಟಿ, ಚೂರು ಕರ್ಪೂರ ಸೇರಿಸಿ ತೆಳು ಬಟ್ಟೆಯಲ್ಲಿ ಗಂಟು ಕಟ್ಟಿಡಿ. ಗಂಟು ಗರಿಗೆ ತಾಗಬಾರದು. ವಾಸನೆ ಇಳಿದಾಗ, ಸುಮಾರು ಆರು ತಿಂಗಳಿಗೆ, ಬದಲಿಸಿ. ಇದು ಹುಳುವನ್ನು ದೂರ ಇಡುತ್ತದೆ, ಒಳಹೊಕ್ಕ ಹುಳುವನ್ನು ಕೊಲ್ಲುವುದಿಲ್ಲ.

ಸ್ಟೀಲ್ ಕಪಾಟನ್ನು ಹೊರಗೋಡೆಗೆ ತಾಗಿಸಿದ್ದೀರಾದರೆ ಒಳಗೆ ಬೆವರುತ್ತದೆ. ಗೋಡೆಯಿಂದ ಒಂದು ಗೇಣು ಸರಿಸಿ, ನೆಲದಿಂದ ಎತ್ತರಿಸಿ. ಒಳಗೆ ಬಲ್ಬ್ ಉರಿಸಿಡುವ ರೂಢಿ ಒಳ್ಳೆಯದಲ್ಲ: ಹಗಲು ಒಣಗಿ ರಾತ್ರಿ ತೇವ ಹೀರುವ ಗರಿ ಬೇಗ ಸೊಟ್ಟಗಾಗುತ್ತದೆ. ಕಟ್ಟನ್ನು ಎರಡು ಮರದ ಹಲಗೆಗಳ ನಡುವೆ ಇಟ್ಟು ಹತ್ತಿ ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿ. ತೂತಿನೊಳಗಿನ ದಾರ ಮಾತ್ರ ಸಡಿಲ ಇರಲಿ, ಹತ್ತಿಯದೇ ಇರಲಿ. ನೈಲಾನ್ ತೂತನ್ನು ಕೊಯ್ಯುತ್ತದೆ.

ಬಂದಿರುವ ಬೂಷ್ಟನ್ನು ಒದ್ದೆ ಬಟ್ಟೆಯಿಂದ ಒರೆಸಿದರೆ ಇಡೀ ಗರಿಗೆ ಹರಡುತ್ತದೆ. ಮುಖಕ್ಕೆ ಮಾಸ್ಕ್ ಹಾಕಿ, ಜಗಲಿಯ ನೆರಳಿನಲ್ಲಿ ಒಣಗಿಸಿ, ಮೆದು ಬ್ರಷ್‌ನಿಂದ ನಡುವಿನಿಂದ ಅಂಚಿಗೆ ಗುಡಿಸಿ. ಬಿಸಿಲಿಗೆ ಹಾಕಿದರೆ ಗರಿ ಸುರುಳಿ ಸುತ್ತಿ ಸಿಡಿಯುತ್ತದೆ. ನವರಾತ್ರಿಯಲ್ಲಿ ಪುಸ್ತಕ ಪೂಜೆಗೆಂದು ತೆಗೆದಾಗಲೇ ಈ ಕೆಲಸ ಮುಗಿಸುವವರು ಹೆಚ್ಚು. ನಮ್ಮ ಕಡೆ ಆಗ ಗಾಳಿಯಲ್ಲಿ ತೇವ ಇನ್ನೂ ಇರುತ್ತದೆ. ಡಿಸೆಂಬರ್, ಜನವರಿಯೇ ಸರಿ.

ಕಾರವಾರದಿಂದ: ಒಂದು ವ್ಯಾಖ್ಯಾನದ ಕೊನೆಗೆ ‘ಶಕ 1722, ರೌದ್ರಿ ಸಂವತ್ಸರ, ಮಾಘ ಶುದ್ಧ’ ಎಂದಿದೆ. ಒಬ್ಬರು 1800 ಎನ್ನುತ್ತಾರೆ, ಇನ್ನೊಬ್ಬರು 1801.

1801. ಶಕಕ್ಕೆ 78 ಕೂಡಿಸಿದರೆ 1800 ಬರುತ್ತದೆ. ಆದರೆ ಶಕವರ್ಷ ಯುಗಾದಿಯಿಂದ ಯುಗಾದಿಗೆ, ಮಾಘ ಬರುವ ಹೊತ್ತಿಗೆ ಇಂಗ್ಲಿಷ್ ವರ್ಷ ತಿರುಗಿರುತ್ತದೆ. ಮಾಘ, ಫಾಲ್ಗುಣಕ್ಕೆ 79 ಕೂಡಿಸಿ. ಸಂವತ್ಸರವನ್ನೂ ತಾಳೆ ನೋಡಬೇಕು: 1987ರ ಯುಗಾದಿಗೆ ಪ್ರಭವ, ಅದಕ್ಕೆ ಏಳು ವರ್ಷ ಹಿಂದೆ 1980ಕ್ಕೆ ರೌದ್ರಿ, ಅಲ್ಲಿಂದ 60ರಂತೆ ಹಿಂದಕ್ಕೆ 1920, 1860, 1800. ಕೂಡುತ್ತದೆ. ಶಕ ಬರೆಯದೆ ಬರೀ ‘ರೌದ್ರಿ’ ಎಂದಿದ್ದರೆ 1740ಕ್ಕೂ 1860ಕ್ಕೂ ಅಷ್ಟೇ ಹಕ್ಕಿದೆ.

ಇನ್ನೊಂದು ಎಚ್ಚರಿಕೆ. ಗ್ರಂಥಕರ್ತ ತನ್ನ ಕೃತಿ ಮುಗಿದ ತಿಥಿಯನ್ನು ಶ್ಲೋಕದಲ್ಲಿ ಹೇಳಿದ್ದರೆ ಪ್ರತಿ ಮಾಡುವವನು ಅದನ್ನೂ ಹಾಗೆಯೇ ಇಳಿಸುತ್ತಾನೆ. ಪ್ರತಿಯ ತಿಥಿ ಅದರ ನಂತರ, ‘ಲಿಖಿತಂ’ ಎಂಬ ಮಾತಿನ ಆಸುಪಾಸಿನಲ್ಲಿ, ಹೆಚ್ಚಾಗಿ ಗದ್ಯದಲ್ಲಿ ಇರುತ್ತದೆ.

ಹೊನ್ನಾವರದಿಂದ: ಹಳೆ ಸಾಮಾನು ಕೊಳ್ಳುವವರು ಗರಿಗಳಿಗೆ ಒಳ್ಳೆ ಬೆಲೆ ಹೇಳುತ್ತಿದ್ದಾರೆ. ಕೊಡಬಹುದೇ?

ಬೇಡ. ಸಾಹಿತ್ಯಕ, ಐತಿಹಾಸಿಕ ಮೌಲ್ಯವಿರುವ, 75 ವರ್ಷಕ್ಕೆ ಕಡಿಮೆಯಿಲ್ಲದ ಹಸ್ತಪ್ರತಿ 1972ರ ಪುರಾತನ ವಸ್ತುಗಳ ಕಾಯ್ದೆಯ ಪ್ರಕಾರ ಪುರಾತನ ವಸ್ತು. ಪರವಾನಗಿ ಇಲ್ಲದವರು ಅದರ ವ್ಯಾಪಾರ ಮಾಡುವಂತಿಲ್ಲ, ಖಾಸಗಿಯವರು ದೇಶದ ಹೊರಗೆ ಸಾಗಿಸುವಂತಿಲ್ಲ. ಕೊಳ್ಳುವವರು ಚಂದ ಕಾಣುವ ನಾಲ್ಕು ಗರಿ ಚೌಕಟ್ಟಿಗೆ ಹಾಕಿ ಉಳಿದದ್ದನ್ನು ಚದುರಿಸುವುದೂ ಉಂಟು. ಇಟ್ಟುಕೊಳ್ಳಲು ಆಗದಿದ್ದರೆ ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯ, ಧಾರವಾಡದ ಕನ್ನಡ ಸಂಶೋಧನಾ ಸಂಸ್ಥೆ, ಹಂಪಿಯ ಕನ್ನಡ ವಿಶ್ವವಿದ್ಯಾಲಯ ಇವುಗಳಲ್ಲಿ ವಿಚಾರಿಸಿ. ಕೊಡುವಾಗ ಕಟ್ಟಿನ ಸಂಖ್ಯೆ, ಗರಿಗಳ ಎಣಿಕೆ, ಮೊದಲ ಮತ್ತು ಕೊನೆಯ ಸಾಲು ಬರೆದ ರಸೀತಿಗೆ ಸಹಿ ಹಾಕಿಸಿಕೊಳ್ಳಿ. ‘ಹಳೆಯ ಓಲೆಗಳು, ಒಂದು ಕಟ್ಟು’ ಎಂಬ ರಸೀತಿ ಹಿಡಿದು ಆಮೇಲೆ ಯಾವ ಕಟ್ಟನ್ನೂ ಗುರುತಿಸಲಾಗದು.