ಹಸಿರು ಶೀಟಿನ ಕೆಳಗೆ ಹೊಂದಿದ ಬ್ಲೌಸ್ ಪೀಸು ಬಿಸಿಲಲ್ಲಿ ಯಾಕೆ ಹೊಂದಲ್ಲ?

ಚಿಂತಾಮಣಿಯ ನಿಮ್ಮ ಮ್ಯಾಚಿಂಗ್ ಸೆಂಟರ್ ಮುಂದೆ ಹಸಿರು ಫೈಬರ್ ಶೀಟ್ ಹಾಕಿಸಿದ ಮೇಲೆ ಗಿರಾಕಿಗಳು ಬ್ಲೌಸ್ ಪೀಸು ವಾಪಸ್ ತರ್ತಿದ್ದಾರೆ, ಆದರೆ ಅಂಗಡಿಯೊಳಗೆ ಬಿಳಿ ಬಟ್ಟೆ ಬಿಳಿಯಾಗೇ ಕಾಣುತ್ತಲ್ಲ ಅಂತ ಕೇಳಿದ್ದೀರಿ. ಆ ಬಿಳಿಯನ್ನು ನಂಬಿಯೇ ನೀವು ಮೋಸ ಹೋಗ್ತಿರೋದು.

ಹಸಿರು ಬೆಳಕಿನಲ್ಲಿ ಒಂದೆರಡು ನಿಮಿಷ ನಿಂತರೆ ಕಣ್ಣು ಹಸಿರಿಗೆ ಒಗ್ಗಿ, ಅದನ್ನು ಲೆಕ್ಕದಿಂದ ಕಳೆದುಬಿಡುತ್ತೆ. ಬಿಳಿ, ಬೂದು, ತಿಳಿಬಣ್ಣಗಳಿಗೆ ಇಷ್ಟು ಸಾಕು. ಮರೂನಿಗೆ ಸಾಲದು. ಶೀಟು ಕೆಂಪು ಬೆಳಕನ್ನು ಮೇಲೇ ತಡೆದಿರುತ್ತೆ. ಬಟ್ಟೆಗೆ ಬೀಳದ ಬೆಳಕನ್ನು ಕಣ್ಣು ಎಲ್ಲಿಂದ ತಂದೀತು? ಮರೂನು, ಕಾಫಿಬಣ್ಣ, ಕಪ್ಪು ಮೂರೂ ಹತ್ತಿರ ಹತ್ತಿರ ಬಂದುಬಿಡುತ್ತವೆ. ಜೊತೆಗೆ ರೇಷ್ಮೆ ಸೀರೆಗೆ ಹಾಕೋ ಡೈ (ಬಣ್ಣದ ಪದಾರ್ಥ) ಬೇರೆ, ಪಾಲಿಯೆಸ್ಟರ್ ಪೀಸಿಗೆ ಹಾಕೋ ಡೈ ಬೇರೆ ಜಾತಿ. ಒಂದು ಬೆಳಕಲ್ಲಿ ಒಂದೇ ಥರ ಕಂಡವು ಇನ್ನೊಂದರಲ್ಲಿ ಬೇರೆಯಾಗೋದು ಹೀಗೇ.

ಪ್ಲಾಸ್ಟಿಕ್ ಕವರಿನ ವಿಷಯವೂ ಸಣ್ಣದಲ್ಲ. ಹಳದಿಗಟ್ಟಿದ ಕವರು ನೀಲಿ ಬೆಳಕಲ್ಲಿ ನೂರಕ್ಕೆ 80 ಪಾಲು ಬಿಡುತ್ತೆ ಅಂತಿಟ್ಟುಕೊಳ್ಳಿ. ಬಟ್ಟೆಗೆ ಅಂಟಿಕೊಂಡಿದ್ದರೆ ಬೆಳಕು ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ಅದನ್ನು ದಾಟಬೇಕು, ಉಳಿಯೋದು 64. ಕವರು ಅರ್ಧ ಮಾತ್ರ ಮುಚ್ಚಿದ್ದರೆ ಅಂಚು ಕಾಣುತ್ತೆ, ಬಟ್ಟೆ ಯಾವುದು ಕವರು ಯಾವುದು ಅಂತ ಕಣ್ಣು ಬಿಡಿಸಿಕೊಳ್ಳುತ್ತೆ. ಪೂರ್ತಿ ಮುಚ್ಚಿದಾಗ ಆ ಹಳದಿಯೂ ಬಟ್ಟೆಯ ಖಾತೆಗೇ ಸೇರುತ್ತೆ.

ಹಾಗಾಗಿ ಕವರು ತೆಗೆದು, ಸೀರೆ, ಪೀಸು ಎರಡನ್ನೂ ಹೊರಗೆ ತನ್ನಿ. ನೇರ ಬಿಸಿಲು ಬೇಡ, ಬೆಳಿಗ್ಗೆ 10ರಿಂದ ಮಧ್ಯಾಹ್ನ 3ರೊಳಗೆ ಆಕಾಶ ಕಾಣುವ ನೆರಳು ಸಾಕು. ಪಕ್ಕದಲ್ಲಿ ಬಣ್ಣದ ಗೋಡೆ ಇರಬಾರದು. ಎರಡು ನಿಮಿಷ ಕಾಯಿರಿ. ಹಸಿರಿಂದ ಆಗಷ್ಟೇ ಹೊರಬಂದ ಕಣ್ಣಿಗೆ ಎಲ್ಲವೂ ಗುಲಾಬಿ ಛಾಯೆಯಲ್ಲಿ ಕಾಣುತ್ತೆ, ಅವಸರಪಟ್ಟವರು ಎಡವೋದು ಇಲ್ಲೇ. ಪೀಸಿನ ಅಂಚನ್ನು ಸೀರೆ ಮೇಲೇ ಇಟ್ಟು ನೋಡಿ, ನಡುವೆ ಸಂದು ಬಿಡಬೇಡಿ. ಹಾಸು ಹೊಕ್ಕು ಬೇರೆ ಬಣ್ಣದ ರೇಷ್ಮೆಯಾದರೆ ತಿರುಗಿಸಿ ಎರಡು ಕೋನದಿಂದ ನೋಡಿ. ಮೊಬೈಲ್ ಫೋಟೊ ಸಾಕ್ಷಿಯಲ್ಲ, ಅದೂ ಬಿಳಿಯನ್ನು ತಾನೇ ತಿದ್ದಿಕೊಳ್ಳುತ್ತೆ.

ಖರ್ಚು ಮಾಡೋ ಹಾಗಿದ್ದರೆ ಶೀಟನ್ನೇ ಹಾಲುಬಿಳಿಗೆ ಬದಲಿಸಿ. ಇಲ್ಲವಾದರೆ ಹಸಿರು ಬೆಳಕು ತಲುಪದ ಒಳಮೂಲೆಯಲ್ಲಿ ಸಿಆರ್‌ಐ (ಬಣ್ಣವನ್ನು ಎಷ್ಟು ನಿಜವಾಗಿ ತೋರಿಸುತ್ತೆ ಅನ್ನೋ ಅಂಕ) 90ಕ್ಕಿಂತ ಹೆಚ್ಚಿರುವ, 5000ದಿಂದ 6500 ಕೆಲ್ವಿನ್‌ನ, ಅಂದರೆ ಹಗಲಿನಂಥ ಬಿಳಿ ಬೆಳಕಿನ ಎಲ್‌ಇಡಿ ಹಾಕಿಸಿ. ಶೀಟಿನ ಕೆಳಗೇ ಹಾಕಿದರೆ ಹಗಲಿನ ಹಸಿರಿನ ಮುಂದೆ ಅದರ ಆಟ ನಡೆಯಲ್ಲ.