ಮೂಲವ್ಯಾಧಿಗೆ ಆಲ, ಅತ್ತಿ ತೊಗಟೆಯ ಕಷಾಯದಲ್ಲಿ ಕುಳಿತರೆ ಗುಣವಾಗುತ್ತದೆಯೇ?

ಉರಿ, ತುರಿಕೆ ತುಸು ತಗ್ಗಬಹುದು, ಮೂಲವ್ಯಾಧಿಯ ಮೊಳೆ ಉದುರಿಹೋಗುವುದಿಲ್ಲ. ಈ ಕಷಾಯಕ್ಕೆ ಬಳಸುವ ಆಯುರ್ವೇದದ ಪಂಚವಲ್ಕಲವೆಂದರೆ ಆಲ, ಅತ್ತಿ, ಅರಳಿ, ಬಸರಿ, ಹೂವರಸಿ ಮರಗಳ ತೊಗಟೆ. ಇವುಗಳ ಒಗರಿಗೆ ಕಾರಣ ಟ್ಯಾನಿನ್. ಅದು ಮೇಲ್ಪದರದ ಪ್ರೋಟೀನುಗಳನ್ನು ಬಿಗಿಗೊಳಿಸಿ ಜಿನುಗುವುದನ್ನು ಕಡಿಮೆ ಮಾಡುತ್ತದೆ. ಯುರೋಪಿನಲ್ಲಿ ಓಕ್ ತೊಗಟೆಯನ್ನು ಬಳಸುವುದೂ ಇದೇ ಗುಣಕ್ಕಾಗಿ. ಆದರೆ ಪುರಾವೆ ತೆಳ್ಳಗಿದೆ: ಇರುವುದು ಬಹುಪಾಲು ಸಣ್ಣ ಅಧ್ಯಯನಗಳು. ಹಿತವೆನಿಸಿದ್ದು ತೊಗಟೆಯಿಂದಲೋ ಬರೀ ಬೆಚ್ಚನೆಯ ನೀರಿನಿಂದಲೋ ಎಂದು ಬಿಡಿಸಿ ಹೇಳುವುದು ಕಷ್ಟ. (ನನ್ನ ಅನುಮಾನ ನೀರಿನ ಮೇಲೆಯೇ!) ಇದಕ್ಕಿಂತ ಗಟ್ಟಿ ಆಧಾರ ನಾರಿನಂಶಕ್ಕಿದೆ. ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿದ ಕಾಕ್ರೇನ್ (ವೈದ್ಯಕೀಯ ಪುರಾವೆಗಳನ್ನು ಪರಿಶೀಲಿಸುವ ಸಂಸ್ಥೆ) 2005ರಲ್ಲಿ ಪ್ರಕಟಿಸಿದ ವಿಮರ್ಶೆಯಲ್ಲಿ ಇಸಬಗೋಲಿನಂಥ ನಾರು ರಕ್ತಸ್ರಾವವನ್ನು ಸುಮಾರು ಅರ್ಧಕ್ಕೆ ಇಳಿಸಿತ್ತು. ರಕ್ತ ಮತ್ತೆ ಮತ್ತೆ ಕಂಡರೆ ಮೊದಲು ವೈದ್ಯರಿಗೆ ತೋರಿಸಿ. ಕರುಳಿನ ಕ್ಯಾನ್ಸರ್ ಕೂಡ ಹೀಗೆಯೇ ಕಾಣಿಸಿಕೊಳ್ಳಬಹುದು.