ರಜೆಗೆ ಮುನ್ನ ಹೇಳುವ ಕಥೆ

ಪ್ರಶ್ನೆ: ನಮ್ಮ ಪ್ರಾಥಮಿಕ ಶಾಲೆಯಲ್ಲಿ ಬೇಸಿಗೆ ರಜೆ ಬಿಡುವ ದಿನ ಮಕ್ಕಳನ್ನೆಲ್ಲ ಕೂಡಿಸಿ, ಹಿರಿಯರ ಮಾತು ಮೀರಿ ಕೃಷಿ ಹೊಂಡದಲ್ಲಿ ಈಜಲು ಹೋಗಿ ತೀರಿಕೊಂಡ ನಮ್ಮೂರ ಹುಡುಗನ ಕಥೆ ಹೇಳುವ ರೂಢಿಯಿದೆ. ಆ ಹುಡುಗನ ತಂಗಿ ಈಗ ನಮ್ಮಲ್ಲಿಯೇ ಓದುತ್ತಿದ್ದಾಳೆ. ಈ ರೂಢಿಯನ್ನು ಬಿಡಬೇಕೆ?
– ಒಬ್ಬ ಶಿಕ್ಷಕಿ, ರೋಣ ತಾಲ್ಲೂಕು

ಉತ್ತರ: ರೂಢಿ ಇರಲಿ, ಹುಡುಗನ ಹೆಸರನ್ನು ಮಾತ್ರ ಕಥೆಯಿಂದ ಈ ವರ್ಷವೇ ತೆಗೆಯಿರಿ. ತನ್ನ ಅಣ್ಣನನ್ನು ಇಡೀ ಶಾಲೆಯ ಎದುರು ‘ಮಾತು ಕೇಳದವನು’ ಎನ್ನುವುದನ್ನು ಆ ಮಗು ವರ್ಷವರ್ಷವೂ ಕೇಳುತ್ತ ಕೂಡಬಾರದು.

11ನೇ ಶತಮಾನದಲ್ಲಿ ಪಂಚತಂತ್ರವನ್ನು ಕನ್ನಡಕ್ಕೆ ತಂದ ದುರ್ಗಸಿಂಹನ ಊರು ನಿಮ್ಮ ತಾಲ್ಲೂಕಿನ ಸವಡಿಯೆಂದು ವಿದ್ವಾಂಸರು ಗುರುತಿಸಿದ್ದಾರೆ. ಮೃಗಪಕ್ಷಿಗಳ ಮೇಲಿಟ್ಟು ಎಚ್ಚರ ಹೇಳುವ ಆ ಪರಂಪರೆಯ ಕಥೆಗಳಿಂದ ಕೇಳುಗರ ನಡುವಿನ ಯಾವ ಮನೆಯೂ ನೋಯುವುದಿಲ್ಲ; ಕೇಡು ಹೇಗೆ ಒದಗಿತೆಂಬುದೂ ಹೆಜ್ಜೆಹೆಜ್ಜೆಯಾಗಿ ತಿಳಿಯುತ್ತದೆ. ನಿಮ್ಮ ಕಥೆಯಲ್ಲಿ ಅದು ತಿಳಿಯುವುದಿಲ್ಲವೆಂಬುದೇ ನನ್ನ ದೊಡ್ಡ ಆಕ್ಷೇಪ.

2014ರಲ್ಲಿ ಆರಂಭವಾದ ಕೃಷಿ ಭಾಗ್ಯ ಯೋಜನೆಯಿಂದ ನಮ್ಮ ಒಣಬೇಸಾಯದ ಹೊಲಗಳಲ್ಲಿ ಹೊಂಡಗಳು ಹೆಚ್ಚಿದವು. ಇವುಗಳಲ್ಲಿ ಕೆರೆಯಂತೆ ನೀರು ಮೆಲ್ಲಗೆ ಆಳವಾಗುವುದಿಲ್ಲ, ಬದಿಗಳು ಕಡಿದಾಗಿರುತ್ತವೆ; ಮಸಾರಿ ಹೊಲದಲ್ಲಿ ನೀರು ಇಂಗದಿರಲೆಂದು ಹಾಸಿದ ಪಾಲಿಥೀನ್ ಹಾಳೆ ಪಾಚಿಗಟ್ಟಿ ಜಾರಿದರೆ, ಎರೆ ಹೊಲದಲ್ಲಿ ತೊಯ್ದ ಮಣ್ಣೇ ಜಾರುತ್ತದೆ. ಈಜು ಬಲ್ಲವರಿಗೂ ಹಿಡಿದು ಮೇಲೇರಲು ಏನೂ ಸಿಗುವುದಿಲ್ಲ. ಅಪ್ಪ ಹೇಳಿದನೆಂದು ಕೊಡ ತುಂಬಲು ಬಾಗಿದ ವಿಧೇಯ ಮಗುವೂ ಹೀಗೆಯೇ ಮುಳುಗಬಹುದು. ಹಾಗಿರುವಾಗ ಅವಿಧೇಯತೆಯೊಂದನ್ನೇ ಕಾರಣವೆಂದು ಹೇಳುವುದು ಮಕ್ಕಳಿಗೆ ಅರ್ಧ ಸತ್ಯವನ್ನಷ್ಟೇ ಕೊಟ್ಟಂತೆ.

ಮುಳುಗುವವರು ಬಹಳ ಸಲ ಕೂಗುವುದೇ ಇಲ್ಲವೆಂಬುದನ್ನೂ, ಗೆಳೆಯನನ್ನು ಉಳಿಸಲು ತಾನೂ ನೀರಿಗೆ ಹಾರಬಾರದೆಂಬುದನ್ನೂ ಕಥೆಯಲ್ಲಿ ತನ್ನಿರಿ. ಒಬ್ಬನ ಹಿಂದೆ ಮತ್ತೊಬ್ಬ ಜೀವ ಕಳೆದುಕೊಳ್ಳುವುದು ಹೀಗೆಯೇ. ದಂಡೆಯ ಅಂಚಿನಿಂದ ಹಿಂದೆ ಸರಿದು ಬೋರಲು ಮಲಗಿ ಹಗ್ಗವನ್ನೋ ಸೀರೆಯನ್ನೋ ಎಸೆಯಬೇಕು, ಇಲ್ಲವೆ ಮುಚ್ಚಳ ಬಿಗಿದ ಖಾಲಿ ಕ್ಯಾನನ್ನು ಅವನ ಕೈಗೆ ಎಟಕುವಂತೆ ತೇಲಿಬಿಡಬೇಕು, ದೊಡ್ಡವರನ್ನು ಕೂಗಿ 112ಕ್ಕೆ ಕರೆ ಮಾಡಿಸಬೇಕು. ಹಗ್ಗ ಎಸೆಯುವುದನ್ನು ಮೇಲಿನ ತರಗತಿಗಳವರಿಗೆ ಶಾಲೆಯ ಬಯಲಿನಲ್ಲಿ ಮಾಡಿಸಿಯೇ ಕಲಿಸಿರಿ. ಒಂದು, ಎರಡನೇ ತರಗತಿಯ ಮಕ್ಕಳಿಗೆ ಸಾವಿನ ಮಾತು ಬೇಡ. ದೊಡ್ಡವರಿಲ್ಲದೆ ಹೊಂಡದ ಹತ್ತಿರ ಹೋಗಬಾರದೆಂದರೆ ಸಾಕು.

ಇದಕ್ಕೆಲ್ಲ ಮೊದಲು ಮುಖ್ಯಗುರುಗಳೊಂದಿಗೆ ಆ ತಾಯಿ-ತಂದೆಯರನ್ನು ಕಂಡು ಬನ್ನಿರಿ. ಮಗನ ಹೆಸರು ಶಾಲೆಯಲ್ಲಿ ಉಳಿಯಲೆಂದು ಅವರು ಬಯಸಿದರೆ, ಅವನಿಗೆ ಪ್ರಿಯವಾಗಿದ್ದ ಆಟಕ್ಕೋ ಪಾಠಕ್ಕೋ ಒಂದು ಬಹುಮಾನವನ್ನು ಅವನ ಹೆಸರಿನಲ್ಲಿ ಇಡಬಹುದು.